ನೋಯಿಸುವವರನ್ನೇ ಹಚ್ಚಿಕೊಂಡ ಮನಸ್ಸು: ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿಯಲ್ಲಿ ಆಪ್ತ ಸಮಾಲೋಚಕಿಯಾಗಿ ಕೆಲಸ ಮಾಡುತ್ತೇನೆ. ಧಾರವಾಡ, ಗದಗ, ಹಾವೇರಿ ಕಡೆಯಿಂದ ಬರುವವರು ಮೊದಲ ಭೇಟಿಯಲ್ಲಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಕೇಳುವ ರೀತಿಯೂ ಒಂದೇ: ದನಿ ತಗ್ಗಿರುತ್ತದೆ, ಒಂದು ಕಣ್ಣು ಬಾಗಿಲ ಕಡೆಗಿರುತ್ತದೆ. ಬರಲು ಧೈರ್ಯ ಸಾಲದವರಿಗೆ, ಬಸ್ಸಿನ ಖರ್ಚಿಗೂ ಮನೆಯಲ್ಲಿ ಲೆಕ್ಕ ಒಪ್ಪಿಸಬೇಕಾದವರಿಗೆ ಈ ಉತ್ತರಗಳು ತಲುಪಲಿ ಎಂದು ಬರೆದಿದ್ದೇನೆ. ಇಲ್ಲಿ ಬರುವ ಜನರ ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ಸ್ವಮೋಹಿ ಎಂದರೆ ಯಾರು? ಜಂಬದವರೆಲ್ಲ ಸ್ವಮೋಹಿಗಳೇ?

ಅಲ್ಲ. ಹೊಸ ಕಾರು ಕೊಂಡು ಓಣಿಯ ತುಂಬ ಓಡಿಸುವವನು ಜಂಬದವನು, ಅಷ್ಟೇ. ಅವನ ಜಂಬದಿಂದ ನಿಮ್ಮ ನಿದ್ದೆ ಕೆಡುವುದಿಲ್ಲ. ನಾರ್ಸಿಸಿಸಂ ಎನ್ನುವ ಸ್ವಮೋಹ ಬೇರೆ. ಎದುರಿಗಿರುವವರಿಗೂ ಒಂದು ಮನಸ್ಸಿದೆ, ಅದಕ್ಕೂ ನೋವಾಗುತ್ತದೆ ಎಂಬುದು ಇಂಥವರ ಲೆಕ್ಕಕ್ಕೇ ಬರುವುದಿಲ್ಲ. ಹೊಗಳಿಕೆ ಸದಾ ಬೇಕು, ಟೀಕೆ ಸಾಸಿವೆಯಷ್ಟೂ ಕೂಡದು, ನಿಯಮಗಳೆಲ್ಲ ಉಳಿದವರಿಗೆ. ಎಲ್ಲರೂ ಅಬ್ಬರಿಸುವವರೇ ಆಗಿರುವುದಿಲ್ಲ. ಕೆಲವರು ಬಹಳ ಮೆತ್ತಗೆ, ಸದಾ ನೊಂದವರಂತೆ ಇರುತ್ತಾರೆ. 'ನಿಮಗಾಗಿ ಇಷ್ಟೆಲ್ಲ ಸವೆದೆ, ಕೊನೆಗೆ ನನಗೆ ಸಿಕ್ಕಿದ್ದೇನು' ಎನ್ನುವ ನಿಟ್ಟುಸಿರಿನಿಂದಲೇ ಇಡೀ ಮನೆಯನ್ನು ಕುಣಿಸುತ್ತಾರೆ. ಇವರನ್ನು ಗುರುತಿಸುವುದು ಇನ್ನೂ ಕಷ್ಟ.

ಹೆಸರು ಬಂದದ್ದು ಗ್ರೀಕರ ಪುರಾಣದಿಂದ. ಕೊಳದ ನೀರಿನಲ್ಲಿ ತನ್ನ ಬಿಂಬವನ್ನೇ ಕಂಡು ಮೋಹಗೊಂಡು ಅಲ್ಲೇ ಕರಗಿಹೋದ ನಾರ್ಸಿಸಸ್ ಎಂಬ ಯುವಕನ ಕಥೆ ಹಲವರಿಗೆ ಗೊತ್ತು. ಅದೇ ಕಥೆಯಲ್ಲಿ ಎಕೋ ಎಂಬ ಹುಡುಗಿಯೂ ಇದ್ದಾಳೆ. ಸ್ವಂತವಾಗಿ ಮಾತನಾಡುವ ಶಕ್ತಿ ಕಳೆದುಕೊಂಡವಳು. ಬೇರೆಯವರು ಆಡಿದ ಕೊನೆಯ ಮಾತನ್ನು ಮರಳಿ ನುಡಿಯಬಲ್ಲಳು, ಅಷ್ಟೇ. ಅವನನ್ನು ಬಯಸಿ, ಅವನಿಂದ ತಿರಸ್ಕೃತಳಾಗಿ, ಸೊರಗಿ ಸೊರಗಿ ಕೊನೆಗೆ ಬರಿಯ ದನಿಯಾಗಿ ಉಳಿಯುತ್ತಾಳೆ. ಜಗತ್ತು ಕಾಯಿಲೆಗೆ ನಾರ್ಸಿಸಸ್‌ನ ಹೆಸರಿಟ್ಟಿತು. ನನ್ನ ಎದುರಿನ ಕುರ್ಚಿಯಲ್ಲಿ ಬಂದು ಕೂರುವವಳು ಮಾತ್ರ ಎಕೋ. ಈ ಬರಹ ಅವಳ ಕುರಿತು.

ನಮ್ಮ ಮನೆಯವರಿಗೆ ಈ ಕಾಯಿಲೆ ಇದೆಯೇ? ನೀವೇ ಹೇಳಿಬಿಡಿ.

ನಾನು ಹೇಳಲಾರೆ. ನಿಮ್ಮ ಬಾಯಿಂದ ಕೇಳಿ, ಅವರನ್ನು ನೋಡದೆ ಹೇಳುವುದು ತಪ್ಪು. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯಲ್ಲಿ 1980ರಿಂದ ಸ್ವಮೋಹದ ವ್ಯಕ್ತಿತ್ವ ದೋಷಕ್ಕೆ ಪ್ರತ್ಯೇಕ ಜಾಗವಿದೆ. ಅಲ್ಲಿ 9 ಲಕ್ಷಣಗಳನ್ನು ಕೊಟ್ಟಿದ್ದಾರೆ, ಕನಿಷ್ಠ 5 ಇರಬೇಕು, ಅವು ಹರೆಯದಿಂದಲೂ ಬದುಕಿನ ಎಲ್ಲ ಕಡೆಯೂ ಕಾಣಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಹೊಸ ವರ್ಗೀಕರಣವಾದರೋ ಇದನ್ನು ಬೇರೆ ಕಾಯಿಲೆಯಾಗಿ ಹೆಸರಿಸುವುದನ್ನೇ ಬಿಟ್ಟಿದೆ. ವ್ಯಕ್ತಿತ್ವದ ತೊಂದರೆ ಎಷ್ಟು ತೀವ್ರವಾಗಿದೆ ಎಂಬುದನ್ನು ಅಲ್ಲಿ ಅಳೆಯುತ್ತಾರೆ. ತಜ್ಞರೇ ಹೀಗೆ ಎಚ್ಚರದಿಂದ ಇರುವಾಗ ಮೊಬೈಲಿನ ವಿಡಿಯೋ ನೋಡಿ ತೀರ್ಪು ಕೊಡುವುದು ಬೇಡ.

ಈ ಪ್ರಶ್ನೆಗೆ ಉತ್ತರ ಸಿಗುವವರೆಗೂ ನೀವು ಕಾಯಬೇಕಾಗಿಯೂ ಇಲ್ಲ. ಸರ್ಟಿಫಿಕೇಟ್ ಇದ್ದರೂ ಇಲ್ಲದಿದ್ದರೂ ನಿಮಗೆ ಆಗುತ್ತಿರುವುದು ಆಗುತ್ತಲೇ ಇರುತ್ತದೆ. ಮುಂದೆ ನಾನು ಸ್ವಮೋಹಿ ಎಂದಲ್ಲೆಲ್ಲ ರೋಗದ ಹೆಸರು ಎಂದು ಓದಬೇಡಿ, ನಿಮ್ಮೊಡನೆ ಹಾಗೆ ನಡೆದುಕೊಳ್ಳುವವರು ಎಂದು ಓದಿಕೊಳ್ಳಿ.

ಇಷ್ಟು ನೋವು ಕೊಟ್ಟವರನ್ನೇ ಮನಸ್ಸು ಏಕೆ ಬಯಸುತ್ತದೆ? ನನಗೆ ಬುದ್ಧಿ ಇಲ್ಲವೇ?

ಬುದ್ಧಿಗೂ ಇದಕ್ಕೂ ಸಂಬಂಧವಿಲ್ಲ. ಎಂ.ಎಸ್ಸಿ. ಮುಗಿಸಿದವರು, ಬ್ಯಾಂಕಿನಲ್ಲಿ ಕೋಟಿಗಳ ಲೆಕ್ಕ ನೋಡುವವರು, ಪೊಲೀಸ್ ಇಲಾಖೆಯಲ್ಲಿರುವವರು ಇದೇ ಪ್ರಶ್ನೆ ಕೇಳಿದ್ದಾರೆ.

ಒಬ್ಬ ಶಿಕ್ಷಕಿಯ ಮಾತು ಹೇಳುತ್ತೇನೆ. ಧಾರವಾಡದಲ್ಲಿ ಮನೆ, ಹುಬ್ಬಳ್ಳಿಯಲ್ಲಿ ಶಾಲೆ. ದಿನವೂ ಚಿಗರಿ ಬಸ್ಸು. ಗಂಡ ಯಾವುದೋ ಮಾತಿಗೆ ಮುನಿದು ಹನ್ನೊಂದು ದಿನ ಅವಳೊಡನೆ ಮಾತು ಬಿಟ್ಟಿದ್ದ. ಯಾವ ಮಾತಿಗೆ ಎಂಬುದೂ ಅವಳಿಗೆ ತಿಳಿದಿರಲಿಲ್ಲ. ಬಸ್ಸಿನಲ್ಲಿ ಕುಳಿತು ಮೊಬೈಲ್ ತೆರೆಯುವಳು, ತನ್ನ ಸಂದೇಶಕ್ಕೆ ನೀಲಿ ಗೀಟು ಬಿದ್ದಿದೆಯೇ ನೋಡುವಳು, ಮುಚ್ಚುವಳು, ನವನಗರ ದಾಟುವಷ್ಟರಲ್ಲಿ ಮತ್ತೆ ತೆರೆಯುವಳು. ಉಣಕಲ್ ಕೆರೆ ಬಂದದ್ದೂ ಹೋದದ್ದೂ ಗೊತ್ತಾಗುತ್ತಿರಲಿಲ್ಲ. ಹನ್ನೆರಡನೆಯ ದಿನ ಸಂಜೆ ಅವನು ಪೇಡೆಯ ಪೊಟ್ಟಣ, ಮೊಳದಷ್ಟು ಮಲ್ಲಿಗೆ ಹಿಡಿದು ಬಂದ. ಏನೂ ನಡೆದೇ ಇಲ್ಲವೆಂಬಂತೆ 'ಊಟಕ್ಕೆ ಏನು ಮಾಡಿದ್ದೀ' ಎಂದ. 'ನನ್ನ ಮದುವೆಯ ದಿನವೂ ಅಷ್ಟು ಸಂತೋಷಪಟ್ಟಿರಲಿಲ್ಲ ಮೇಡಂ' ಎಂದು ಆಕೆ ನನ್ನೆದುರು ಅತ್ತಳು. ಹನ್ನೊಂದು ದಿನ ಯಾಕೆ ಹಾಗೆ ಮಾಡಿದಿರಿ ಎಂದು ಕೇಳಬೇಕೆಂಬುದು ಅವಳ ತಲೆಗೇ ಬಂದಿರಲಿಲ್ಲ. ಬಂದಿದ್ದರೂ ಕೇಳುತ್ತಿರಲಿಲ್ಲ, ಪೇಡೆ ಕಹಿಯಾಗಿಬಿಟ್ಟೀತೆಂಬ ಭಯ.

ಗಂಟು ಇರುವುದು ಇಲ್ಲಿಯೇ. ಮನಶ್ಶಾಸ್ತ್ರಜ್ಞ ಸ್ಕಿನ್ನರ್ ಪಾರಿವಾಳಗಳ ಮೇಲೆ ಮಾಡಿದ ಪ್ರಯೋಗಗಳು ಪ್ರಸಿದ್ಧ. ಕುಟುಕಿದಾಗಲೆಲ್ಲ ಕಾಳು ಸಿಗುತ್ತಿದ್ದ ಪಾರಿವಾಳ, ಕಾಳು ನಿಂತ ಮೇಲೆ ಬೇಗ ಕುಟುಕುವುದನ್ನು ಬಿಡುತ್ತದೆ. ಒಮ್ಮೆ ಸಿಕ್ಕಿ, ಹತ್ತು ಸಲ ಸಿಗದೆ, ಮತ್ತೊಮ್ಮೆ ಯಾವಾಗಲೋ ಸಿಗುತ್ತಿದ್ದ ಪಾರಿವಾಳ ಮಾತ್ರ ಬಿಡುವುದಿಲ್ಲ. ಕಾಳು ಪೂರ್ತಿ ನಿಂತ ಮೇಲೂ ಬಹಳ ಹೊತ್ತು ಕುಟುಕುತ್ತಲೇ ಇರುತ್ತದೆ. ಸದಾ ಕೆಟ್ಟದಾಗಿ ನಡೆದುಕೊಳ್ಳುವವರನ್ನು ಬಿಡುವುದು ಮನಸ್ಸಿಗೆ ಸುಲಭ. ಹತ್ತು ದಿನ ಕೆಟ್ಟದಾಗಿ, ಒಂದು ದಿನ ದೇವರಂತೆ ನಡೆದುಕೊಳ್ಳುವವರನ್ನು ಬಿಡುವುದು ಬಹಳ ಕಷ್ಟ. ಗದಗ ಸೀಮೆಯ ಎರೆಹೊಲದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬರಗಾಲದಲ್ಲಿ ಬಿದ್ದ ಹತ್ತು ಹನಿಗೆ ಮಣ್ಣು ಹೇಗೆ ಘಮ್ಮೆನ್ನುತ್ತದೆ, ಆ ವಾಸನೆಯೊಂದೇ ಮತ್ತೊಂದು ಹಂಗಾಮಿನವರೆಗೆ ಹೇಗೆ ಕಾಯಿಸುತ್ತದೆ ಎಂಬುದು ಅವರಿಗೆ ಗೊತ್ತು.

1981ರಲ್ಲಿ ಡೊನಾಲ್ಡ್ ಡಟನ್ ಮತ್ತು ಸುಸಾನ್ ಪೇಂಟರ್ ಎಂಬ ಸಂಶೋಧಕರು ಇದನ್ನು ಆಘಾತದ ಬೆಸುಗೆ ಎಂದು ಕರೆದರು. ಇಂಥ ಬೆಸುಗೆ ಹುಟ್ಟಲು ಎರಡು ಸಂಗತಿಗಳು ಸೇರಬೇಕು ಎಂದರು: ಇಬ್ಬರಲ್ಲಿ ಒಬ್ಬರ ಕೈಯಲ್ಲಿಯೇ ಅಧಿಕಾರ ಇರಬೇಕು, ಪೆಟ್ಟು ಮತ್ತು ಮಮತೆ ಸರದಿಯಲ್ಲಿ ಬರುತ್ತಿರಬೇಕು. ನಮ್ಮ ಮನೆಗಳಲ್ಲಿ ಮೊದಲನೆಯದು ಮದುವೆಯ ದಿನವೇ ಸಿದ್ಧವಾಗಿರುತ್ತದೆ ಎಂದು ನೋವಿನಿಂದಲೇ ಹೇಳಬೇಕಾಗಿದೆ. ಜೊತೆಗೆ ಬಾಲ್ಯದ ತರಬೇತಿಯೂ ಇರುತ್ತದೆ. ಅಪ್ಪನ ಚಪ್ಪಲಿಯ ಸದ್ದಿನಿಂದಲೇ ಇವತ್ತು ಅವರ ಮನಸ್ಸು ಹೇಗಿದೆ ಎಂದು ಅಳೆಯುತ್ತ ಬೆಳೆದ ಮಗು, ದೊಡ್ಡವಳಾದ ಮೇಲೆ ಗಂಡನ ಬೈಕಿನ ಸದ್ದನ್ನು ಅಳೆಯುತ್ತಾಳೆ. ಬೇರೆಯವರ ಮುಖ ಓದುವುದರಲ್ಲಿ ಅಷ್ಟು ಪಳಗಿದವಳಿಗೆ ತನ್ನ ಮುಖ ಓದಲು ಬಿಡುವೇ ಸಿಕ್ಕಿರುವುದಿಲ್ಲ.

ಇದು ಪ್ರೀತಿಯೋ ಅವಲಂಬನೆಯೋ ಎಂದು ಹೇಗೆ ತಿಳಿಯುವುದು?

ನನ್ನ ಕೋಣೆಗೆ ಬಂದವರಿಗೆ ಮೊದಲು ಚಹಾ ಬೇಕೇ ಕಾಫಿ ಬೇಕೇ ಎಂದು ಕೇಳುತ್ತೇನೆ. ಒಬ್ಬಾಕೆ ಉತ್ತರ ಕೊಡುವ ಮೊದಲು ಪಕ್ಕಕ್ಕೆ ತಿರುಗಿದಳು. ಪಕ್ಕದ ಕುರ್ಚಿ ಖಾಲಿ ಇತ್ತು. ಗಂಡ ಹಾವೇರಿಯಲ್ಲಿದ್ದ, ಎಪ್ಪತ್ತು ಕಿಲೋಮೀಟರು ಆಚೆ. ತಾನು ತಿರುಗಿದ್ದು ಅವಳಿಗೇ ಗೊತ್ತಾಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. 'ಯಾವುದಾದರೂ ನಡೆಯುತ್ತದೆ' ಎಂದಳು.

ಒಬ್ಬರನ್ನೊಬ್ಬರು ನೆಚ್ಚುವುದು ತಪ್ಪಲ್ಲ. ನೆಚ್ಚದೆ ಸಂಸಾರ ನಡೆಯುವುದಿಲ್ಲ. ಜ್ವರ ಬಂದಾಗ ಗಂಜಿ ಕಾಯಿಸಿ ಕೊಡುವ ಕೈಯನ್ನು ನೆಚ್ಚಲೇಬೇಕು. ಆದರೆ ಪ್ರೀತಿ ಇರುವಲ್ಲಿ ಒಬ್ಬರು ಊರಿಗೆ ಹೋದರೆ ಇನ್ನೊಬ್ಬರಿಗೆ ಬೇಸರವಾಗುತ್ತದೆ, ಉಸಿರು ನಿಲ್ಲುವುದಿಲ್ಲ. ನಿಮಗೆ ಏನು ಅನ್ನಿಸುತ್ತಿದೆ ಎಂಬುದನ್ನು ಅವರ ಮುಖ ನೋಡಿದ ಮೇಲೆಯೇ ತೀರ್ಮಾನಿಸುತ್ತೀರಾದರೆ, ಅವರು ನಕ್ಕ ದಿನವನ್ನೇ ಒಳ್ಳೆಯ ದಿನ ಎನ್ನುತ್ತೀರಾದರೆ, ಗೆಳತಿಯರು, ತವರು, ಹಾಡು, ಹೊಲಿಗೆ ಎಲ್ಲವೂ ಒಂದೊಂದಾಗಿ ಕಳಚಿ ಅವರೊಬ್ಬರೇ ಉಳಿದಿದ್ದಾರೆಂದಾದರೆ, ಅದು ಅವಲಂಬನೆ. ಇನ್ನೊಂದು ಗುರುತು: ಅವರಿಗೆ ಹೇಳಬೇಕಾದ ಸಣ್ಣ ಮಾತನ್ನೂ ಹತ್ತು ಸಲ ಮನಸ್ಸಿನಲ್ಲಿ ತಿದ್ದಿ ತೀಡಿ, ಕೊನೆಗೆ ಹೇಳದೆ ಬಿಡುವುದು.

ಊರೆಲ್ಲ ಅವರನ್ನು ಹೊಗಳುತ್ತದೆ. ಹಾಗಾದರೆ ತಪ್ಪು ನನ್ನಲ್ಲೇ ಇರಬೇಕಲ್ಲವೇ?

'ಊರಿಗೆ ಉಪಕಾರಿ, ಮನೆಗೆ ಮಾರಿ' ಎಂಬ ಗಾದೆಯನ್ನು ನಮ್ಮ ಹಿರಿಯರು ಸುಮ್ಮನೆ ಕಟ್ಟಿಲ್ಲ. ಜಾತ್ರೆಯಲ್ಲಿ ಮುಂದೆ ನಿಂತು ದಾಸೋಹ ನಡೆಸುವವರು, ಓಣಿಯವರ ಆಸ್ಪತ್ರೆ ಖರ್ಚಿಗೆ ಕೈ ಎತ್ತಿ ಕೊಡುವವರು ಮನೆಯ ಹೊಸಿಲು ದಾಟಿದೊಡನೆ ಬೇರೆಯೇ ಆಗಿಬಿಡಬಲ್ಲರು. ಹೊಗಳಿಕೆ ಸಿಗುವುದು ಹೊರಗೆ. ಒಳಗಿನವರು ಹೊಗಳಿದರೂ ಬಿಟ್ಟರೂ ಎಲ್ಲಿಗೂ ಹೋಗುವುದಿಲ್ಲ ಎಂಬ ಧೈರ್ಯ ಅವರಿಗಿರುತ್ತದೆ.

ನಿಮ್ಮ ಮೇಲೆ ನಿಮಗೇ ಅನುಮಾನ ಹುಟ್ಟಲು ಇನ್ನೊಂದು ಕಾರಣವಿದೆ. 'ನಾನು ಹಾಗೆ ಅಂದೇ ಇಲ್ಲ', 'ನೀನು ಎಲ್ಲವನ್ನೂ ಮನಸ್ಸಿಗೆ ಹಚ್ಚಿಕೊಳ್ಳುತ್ತೀ', 'ನಿನಗೆ ನೆನಪಿನ ಶಕ್ತಿಯೇ ಇಲ್ಲ' ಎಂದು ವರ್ಷಗಟ್ಟಲೆ ಕೇಳಿದ ಮೇಲೆ ಕಣ್ಣಾರೆ ಕಂಡದ್ದನ್ನೂ ನಂಬದ ಸ್ಥಿತಿ ಬರುತ್ತದೆ. ಇಂಗ್ಲಿಷಿನಲ್ಲಿ ಇದನ್ನು ಗ್ಯಾಸ್‌ಲೈಟಿಂಗ್ ಎನ್ನುತ್ತಾರೆ. 1938ರ ಒಂದು ನಾಟಕದಿಂದ ಬಂದ ಹೆಸರು. ಅದರಲ್ಲಿ ಗಂಡ ಕದ್ದು ಮಾಡುವ ಕೆಲಸದಿಂದ ಮನೆಯ ಗ್ಯಾಸ್ ದೀಪ ಮಂಕಾಗುತ್ತದೆ, ಅವನೋ ಹೆಂಡತಿಗೇ ತಲೆ ಸರಿಯಿಲ್ಲ ಎಂದು ನಂಬಿಸಲು ನೋಡುತ್ತಾನೆ.

ಇದಕ್ಕೆ ನಾನು ಕೊಡುವ ಮದ್ದು ನೂರು ಪುಟದ ಒಂದು ನೋಟುಪುಸ್ತಕ. ಗದಗಿನ ಒಬ್ಬಾಕೆ ಬರೆದ ಎರಡು ಸಾಲು ನೋಡಿ. 'ಮಂಗಳವಾರ ರಾತ್ರಿ 9 ಗಂಟೆ: ಅವ್ವನ ಮನೆಗೆ ಎರಡು ದಿನ ಹೋಗಿ ಬಾ ಎಂದರು. ಬುಧವಾರ ಬೆಳಿಗ್ಗೆ ಚೀಲ ಕಟ್ಟುವಾಗ: ಯಾರನ್ನು ಕೇಳಿ ಹೊರಟಿದ್ದೀ ಎಂದರು.' ಅಷ್ಟೇ. ಅಳು ಇಲ್ಲ, ದೂರು ಇಲ್ಲ. ಎರಡು ತಿಂಗಳಾದ ಮೇಲೆ ತಾನು ಬರೆದದ್ದನ್ನು ತಾನೇ ಓದಿ 'ನನ್ನ ತಲೆ ಸರಿ ಇದೆ ಮೇಡಂ' ಎಂದಳು. ಒಂದು ಎಚ್ಚರಿಕೆ: ಪುಸ್ತಕ ಮನೆಯಲ್ಲಿ ಇಡಬೇಡಿ. ಕೆಲಸದ ಜಾಗದಲ್ಲೋ ನಂಬಿಕೆಯ ಗೆಳತಿಯ ಮನೆಯಲ್ಲೋ ಇಡಿ. ಮೊಬೈಲಿನಲ್ಲಿ ಬರೆಯುವುದಾದರೆ ಅದನ್ನು ಬೇರೆ ಯಾರು ತೆರೆಯಬಲ್ಲರು ಎಂದು ಮೊದಲು ಯೋಚಿಸಿ.

'ಹೊಂದಿಕೊಂಡು ಹೋಗು' ಎನ್ನುತ್ತಾರೆ ಹಿರಿಯರು. ಅವರ ಮಾತು ಮೀರಬಹುದೇ?

'ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ' ಎಂಬ ಮಾತು ಇಬ್ಬರೂ ಸಮನಾಗಿ ಜಗಳವಾಡುವ ಮನೆಗೆ ಸರಿ. ಒಬ್ಬರೇ ಜಗಳವಾಡಿ, ಇನ್ನೊಬ್ಬರೇ ಕ್ಷಮೆ ಕೇಳುವ ಮನೆಗೆ ಅದು ಹೊಂದುವುದಿಲ್ಲ. ಹೊಂದಿಕೆ ಎಂದರೆ ಇಬ್ಬರೂ ಅಷ್ಟಷ್ಟು ಸರಿಯುವುದು. ಹಿರಿಯರಲ್ಲಿ ಎಲ್ಲರೂ ಕಲ್ಲುಮನಸ್ಸಿನವರಲ್ಲ, ಅವರಿಗೂ ಭಯವಿದೆ: ಮಗಳು ಮರಳಿ ಬಂದರೆ ಓಣಿ ಏನಂದೀತು, ತಂಗಿಯ ಮದುವೆ ಹೇಗೆ ಎಂದು. ಆದ್ದರಿಂದ 'ಬಹಳ ತ್ರಾಸ ಆಗುತ್ತಿದೆ' ಎಂದು ಮೊಗಮ್ಮಾಗಿ ಹೇಳಬೇಡಿ. ನೋಟುಪುಸ್ತಕದ ಸಾಲುಗಳನ್ನು ಓದಿ ಹೇಳಿ. ಅಪ್ಪ ಅವ್ವ ಇಬ್ಬರೂ ಒಪ್ಪದಿದ್ದರೆ ಸೋದರಮಾವನೋ ದೊಡ್ಡಮ್ಮನೋ, ಯಾರಾದರೂ ಒಬ್ಬರಿಗೆ ಅರ್ಥವಾಗುತ್ತದೆ. ಆ ಒಬ್ಬರು ಸಾಕು.

ನನ್ನ ಕಷ್ಟ ಗಂಡನದಲ್ಲ, ಹೆಂಡತಿಯದೂ ಅಲ್ಲ. ನನ್ನ ಅಣ್ಣನದು, ನನ್ನ ಅವ್ವನದು. ಇದೂ ಇದೇ ಬಗೆಯದೇ?

ಇದೇ. ಬ್ಯಾಡಗಿ ಕಡೆಯ ಒಬ್ಬರು, ನಲವತ್ತು ದಾಟಿದವರು, ಮೆಣಸಿನಕಾಯಿ ವ್ಯಾಪಾರದ ಮನೆತನ. ಅಣ್ಣನದೇ ಯಜಮಾನಿಕೆ. ಟೆಂಡರಿನಲ್ಲಿ ಒಳ್ಳೆಯ ದರ ಸಿಕ್ಕರೆ ಅಣ್ಣನ ಚಾಣಾಕ್ಷತನ, ದರ ಬಿದ್ದರೆ ತಮ್ಮನ ಕೈಗುಣ. ಇಪ್ಪತ್ತು ವರ್ಷ ದುಡಿದ ಮೇಲೂ ಮಗಳ ಶಾಲೆಯ ಶುಲ್ಕಕ್ಕೆ ಅಣ್ಣನ ಎದುರು ನಿಲ್ಲಬೇಕು. ವರ್ಷಕ್ಕೆ ಒಂದೆರಡು ಸಲ ನಾಲ್ಕು ಜನರ ಮುಂದೆ ಅಣ್ಣ ಹೆಗಲ ಮೇಲೆ ಕೈ ಹಾಕಿ 'ನನ್ನ ಬಲಗೈ' ಎನ್ನುತ್ತಾನೆ. 'ಆ ಕೈ ಬಿದ್ದ ದಿನ ಎಲ್ಲ ಮರೆತುಬಿಡುತ್ತೇನೆ' ಎಂದರು ಅವರು. ಗಂಡಸರು ಅಳಬಾರದು ಎಂದು ಕಲಿತವರು, ಹಾಗಾಗಿ ಟೊಪ್ಪಿಗೆ ತೆಗೆದು ಅದರ ಅಂಚನ್ನೇ ಬಹಳ ಹೊತ್ತು ತಿರುವುತ್ತ ಕುಳಿತರು.

ಹೆಂಡತಿಯಿಂದ ಇಂಥ ನೋವು ಉಣ್ಣುವ ಗಂಡಸರೂ ಇದ್ದಾರೆ. ನಕ್ಕಾರು ಎಂದು ಹೇಳಿಕೊಳ್ಳುವುದಿಲ್ಲ. ದಯವಿಟ್ಟು ಯಾರೂ ನಗಬೇಡಿ.

ಹೆತ್ತವರ ವಿಷಯ ಎಲ್ಲಕ್ಕಿಂತ ತೊಡಕಿನದು, ಏಕೆಂದರೆ ಆ ಬೆಸುಗೆ ಮಾತು ಬರುವ ಮೊದಲೇ ಬಿದ್ದಿರುತ್ತದೆ. ವಾರಗಟ್ಟಲೆ ಮಾತು ಬಿಟ್ಟು ಮಗಳನ್ನು ಶಿಕ್ಷಿಸುವ ತಾಯಿಯನ್ನು ಪೂರ್ತಿ ಬಿಟ್ಟುಬಿಡಿ ಎಂದು ನಾನು ಹೇಳುವುದಿಲ್ಲ. ದಿನಕ್ಕೆ ನಾಲ್ಕು ಕರೆ ಇದ್ದದ್ದನ್ನು ಒಂದಕ್ಕೆ ಇಳಿಸಿ, ಸಂಬಳ ಎಷ್ಟು, ಗಂಡನೊಡನೆ ಏನಾಯಿತು ಎಂಬ ವರದಿ ಒಪ್ಪಿಸುವುದನ್ನು ನಿಲ್ಲಿಸಿ, ಔಷಧ ಮಾತ್ರೆ ತಪ್ಪದಂತೆ ನೋಡಿಕೊಳ್ಳಿ. ಸೇವೆ ಬೇರೆ, ಶರಣಾಗತಿ ಬೇರೆ.

ಅವರು ಬದಲಾಗುತ್ತಾರೆಯೇ?

ಕೆಲವರು ಬದಲಾಗುತ್ತಾರೆ. ಅದಕ್ಕೆ ಅವರೇ ತಮ್ಮಲ್ಲಿ ಕೊರತೆ ಇದೆ ಎಂದು ಒಪ್ಪಬೇಕು, ವರ್ಷಗಟ್ಟಲೆ ಚಿಕಿತ್ಸೆಗೆ ಬರಬೇಕು. ಈ ಸ್ವಭಾವವನ್ನು ನೇರವಾಗಿ ಗುಣಪಡಿಸುವ ಮಾತ್ರೆ ಇಲ್ಲ, ಮಾತಿನ ಚಿಕಿತ್ಸೆಯೇ ದಾರಿ. ತಪ್ಪೆಲ್ಲ ಪರರದ್ದು ಎಂದು ನಂಬಿದವರು ಆ ಕುರ್ಚಿಗೆ ಬಂದು ಕೂರುವುದೇ ಅಪರೂಪ. ನಿಮ್ಮ ಪ್ರೀತಿಯಿಂದ, ಉಪವಾಸದಿಂದ, ಹರಕೆಯಿಂದ ಅವರನ್ನು ಬದಲಿಸುತ್ತೇನೆ ಎಂದು ಹೊರಡಬೇಡಿ. ಸಿದ್ಧಾರೂಢ ಮಠಕ್ಕೆ ಹೋಗಿ ಬನ್ನಿ, ನಿಮ್ಮ ಮನಸ್ಸಿನ ಸಮಾಧಾನಕ್ಕೆ ಹೋಗಿ. ಅವರು ಬದಲಾದರೆ ಅದು ತಿಂಗಳುಗಟ್ಟಲೆ ದಿನನಿತ್ಯದ ನಡತೆಯಲ್ಲಿ ಕಾಣುತ್ತದೆ. ಕಣ್ಣೀರಿನ ಒಂದು ರಾತ್ರಿಯನ್ನು ಬದಲಾವಣೆ ಎಂದು ತಿಳಿಯಬೇಡಿ.

ಬಿಡಲೂ ಆಗದು, ಇರಲೂ ಆಗದು. ಎಲ್ಲಿಂದ ಶುರು ಮಾಡಲಿ?

ಬಾಯಲ್ಲಿ ಬಿಸಿತುಪ್ಪ ಎನ್ನುತ್ತಾರಲ್ಲ, ಹಾಗೆ. ಇರಬೇಕೋ ಬಿಡಬೇಕೋ ಎಂಬ ದೊಡ್ಡ ತೀರ್ಮಾನವನ್ನು ಮೊದಲ ದಿನವೇ ಮಾಡಬೇಕಾಗಿಲ್ಲ. ವರ್ಷಗಳಿಂದ ಸ್ವಂತ ತೀರ್ಮಾನ ಮಾಡಿ ಗೊತ್ತಿಲ್ಲದ ಮನಸ್ಸಿಗೆ ಅಷ್ಟು ಭಾರ ಹೊರಿಸಿದರೆ ಕುಸಿಯುತ್ತದೆ. ಸಣ್ಣದರಿಂದ ಆರಂಭಿಸಿ. ಇವತ್ತು ನನಗೆ ಏನು ತಿನ್ನಬೇಕು ಅನ್ನಿಸುತ್ತಿದೆ? ಯಾರನ್ನೂ ಕೇಳದೆ ಅದನ್ನೇ ಮಾಡಿಕೊಂಡು ತಿನ್ನಿ. ಗಿರ್ಮಿಟ್ ಆದರೂ ಸರಿ.

ಆಮೇಲೆ ಕಡಿದುಹೋದ ಒಂದು ಎಳೆಯನ್ನು ಮತ್ತೆ ಹಿಡಿಯಿರಿ. ಕಾಲೇಜಿನ ಗೆಳತಿಗೆ ಒಂದು ಕರೆ, ಹಳೆಯ ಭಜನಾ ಮಂಡಳಿ, ಕೆಲಗೇರಿ ಕೆರೆಯ ದಂಡೆಯಲ್ಲಿ ಬೆಳಗಿನ ಅರ್ಧ ಗಂಟೆಯ ನಡಿಗೆ. ಅವಲಂಬನೆ ಬೆಳೆಯುವುದು ಒಂಟಿತನದಲ್ಲಿ. ಇನ್ನೊಬ್ಬರ ಮುಖದಲ್ಲಿ ನಿಮ್ಮನ್ನು ಕಂಡ ಸಂತೋಷ ನೋಡಿದಾಗ, ನಾನು ಯಾರಿಗೂ ಬೇಡದವಳು ಎಂಬ ಪಾಠ ಸುಳ್ಳಾಗತೊಡಗುತ್ತದೆ.

ಮೂರನೆಯದು ಹಣ. ನಿಮ್ಮ ಹೆಸರಿನಲ್ಲೇ ಒಂದು ಖಾತೆ ತೆರೆಯಿರಿ. ಅಂಚೆ ಕಚೇರಿಯಲ್ಲಿ 500 ರೂಪಾಯಿಗೆ ಉಳಿತಾಯ ಖಾತೆ ಆಗುತ್ತದೆ. ಆಧಾರ್, ಅಂಕಪಟ್ಟಿ, ಮಕ್ಕಳ ಜನನ ಪ್ರಮಾಣಪತ್ರ, ಬಂಗಾರದ ರಸೀದಿಗಳ ನಕಲು ತೆಗೆಸಿ ತವರಿನಲ್ಲೋ ನಂಬಿಕಸ್ತರಲ್ಲೋ ಇಡಿ. ಬಿಟ್ಟು ಹೋಗುವ ಯೋಚನೆ ಇಲ್ಲದಿದ್ದರೂ ಇಡಿ.

ಇನ್ನು ಅವರೊಡನೆ ಮಾತು. ಉದ್ದುದ್ದ ವಿವರಣೆ ಕೊಡುವುದನ್ನು ನಿಲ್ಲಿಸಿ. ಪ್ರತಿ ವಿವರಣೆಯೂ ಅವರ ಕೈಗೆ ಸಿಗುವ ಹೊಸ ಎಳೆ. 'ಸರಿ', 'ನೋಡುತ್ತೇನೆ', 'ನನಗೆ ಹಾಗೆ ಅನ್ನಿಸುವುದಿಲ್ಲ' ಎಂಬ ಮೂರು ಚಿಕ್ಕ ಮಾತುಗಳಲ್ಲಿ ಬಹಳ ದಿನ ಕಳೆಯಬಹುದು. 'ನೀವು ನಾರ್ಸಿಸಿಸ್ಟ್' ಎಂದು ಮುಖಕ್ಕೆ ಹೇಳಲು ಹೋಗಬೇಡಿ. ಹೇಳಿದ ಯಾರಿಗೂ ಅದರಿಂದ ಒಳ್ಳೆಯದಾದದ್ದನ್ನು ನಾನು ಕಂಡಿಲ್ಲ.

ಕೈ ಮಾಡುವವರಾದರೆ ಮೇಲಿನದನ್ನೆಲ್ಲ ಬದಿಗಿಡಿ. ಮೊದಲು ಸುರಕ್ಷಿತ ಜಾಗ. 112ಕ್ಕೆ ಕರೆ ಮಾಡಿ.

ಒಂದು ಪೆಟ್ಟೂ ಹೊಡೆದಿಲ್ಲ. ಬರಿಯ ಮಾತಿನ ಹಿಂಸೆಗೆ ಕಾನೂನಿದೆಯೇ?

ಇದೆ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯ್ದೆ, 2005. ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ರಂದು. ಅದರ 3ನೇ ಸೆಕ್ಷನ್ ಮೈಮೇಲಿನ ಪೆಟ್ಟಿನ ಜೊತೆಗೆ ಬೈಗುಳ, ಅವಮಾನ, ಹೀಯಾಳಿಕೆ, ಖರ್ಚಿಗೆ ಹಣ ಕೊಡದೆ ಇರುವುದು, ಸ್ತ್ರೀಧನವನ್ನು ಇಟ್ಟುಕೊಳ್ಳುವುದು ಎಲ್ಲವನ್ನೂ ಹಿಂಸೆ ಎಂದೇ ಕರೆಯುತ್ತದೆ. ಹೆಂಡತಿಗೆ ಮಾತ್ರವಲ್ಲ, ಅದೇ ಮನೆಯಲ್ಲಿರುವ ತಾಯಿ, ಅಕ್ಕತಂಗಿ, ಮಗಳಿಗೂ ಅನ್ವಯಿಸುತ್ತದೆ. ಮನೆ ಯಾರ ಹೆಸರಿನಲ್ಲಿದ್ದರೂ ಅಲ್ಲಿ ವಾಸಿಸುವ ಹಕ್ಕು ನಿಮಗಿದೆ. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಸಂರಕ್ಷಣಾಧಿಕಾರಿಗಳು. ತಾಲ್ಲೂಕಿನ ಅವರ ಕಚೇರಿಗೆ ಹೋಗಿ ದೂರು ಬರೆಸಬಹುದು. ದಾರಿ ತಿಳಿಯದಿದ್ದರೆ ಓಣಿಯ ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿ.

ವಕೀಲರ ಶುಲ್ಕದ ಚಿಂತೆ ಬೇಡ. ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಸಿಗುತ್ತದೆ. ಅದರ ಸಹಾಯವಾಣಿ 15100. ಮಹಿಳಾ ಸಹಾಯವಾಣಿ 181. ಜಿಲ್ಲೆಗೊಂದರಂತೆ ಸಖಿ ಕೇಂದ್ರಗಳೂ ಇವೆ. ಒಂದೇ ಸೂರಿನಡಿ ವೈದ್ಯರು, ವಕೀಲರು, ಸಮಾಲೋಚಕರು, ಕೆಲವು ದಿನ ಉಳಿಯಲು ಜಾಗ ಸಿಗಲಿ ಎಂದು ಮಾಡಿದ ವ್ಯವಸ್ಥೆ.

2005ರ ಕಾಯ್ದೆಯಡಿ ದೂರು ಕೊಡುವ ಅವಕಾಶ ಗಂಡಸರಿಗಿಲ್ಲ. ಆದರೆ ಮಾನಸಿಕ ಕ್ರೌರ್ಯ ಹಿಂದೂ ವಿವಾಹ ಕಾಯ್ದೆಯಡಿ ಇಬ್ಬರಿಗೂ ವಿಚ್ಛೇದನದ ಕಾರಣವಾಗುತ್ತದೆ.

ಧಾರವಾಡದ ಆಸ್ಪತ್ರೆಗೆ ಹೋದರೆ ಹುಚ್ಚಿ ಎಂದು ಹೆಸರು ಬರುವುದಿಲ್ಲವೇ?

'ಇವರನ್ನು ಧಾರವಾಡಕ್ಕೆ ಕಳಿಸಬೇಕು' ಎಂಬ ಕುಹಕ ನಮ್ಮ ಸೀಮೆಯಲ್ಲಿ ತಲೆಮಾರುಗಳಿಂದ ಇದೆ. 1845ರಲ್ಲಿ ಶುರುವಾದ ಆಸ್ಪತ್ರೆ ಅದು. ಆಗ ಹುಚ್ಚಾಸ್ಪತ್ರೆ ಎಂದೇ ಕರೆಯುತ್ತಿದ್ದರು. ಇಂದು ಅದು ಡಿಮ್ಹಾನ್ಸ್, ಧಾರವಾಡ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ. ಅಲ್ಲಿಯ ಹೊರರೋಗಿಗಳ ಸಾಲಿನಲ್ಲಿ ನಿದ್ದೆ ಬಾರದವರು, ಪರೀಕ್ಷೆಯ ಭಯದವರು, ಬಾಣಂತನದ ಬೇಸರದವರು, ಕುಡಿತ ಬಿಡಲು ಬಂದವರು ನಿಂತಿರುತ್ತಾರೆ. ನಿಮ್ಮ ಪಕ್ಕದ ಮನೆಯವರೂ ಇರಬಹುದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಮ್ಮ ವಿವರಗಳನ್ನು ಗುಟ್ಟಾಗಿಡುವ ಹಕ್ಕನ್ನು ನಿಮಗೆ ಕೊಟ್ಟಿದೆ.

ಹುಬ್ಬಳ್ಳಿ, ಗದಗ, ಹಾವೇರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲೂ ಮನೋರೋಗ ವಿಭಾಗದಲ್ಲಿ ತೋರಿಸಿಕೊಳ್ಳಬಹುದು. ಮನೆಯಿಂದ ಹೊರಡುವುದೇ ಆಗದವರಿಗೆ ಟೆಲಿ ಮಾನಸ್ ಇದೆ: 14416. 2022ರ ಅಕ್ಟೋಬರ್ 10ರಂದು ಆರಂಭವಾದ ಕೇಂದ್ರ ಸರ್ಕಾರದ ಸೇವೆ, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲಿಯೇ ಮಾತನಾಡಬಹುದು. ಬದುಕೇ ಬೇಡ ಎಂಬ ಯೋಚನೆ ಒಂದು ಸಲ ಬಂದಿದ್ದರೂ ನಾಳೆ ನೋಡೋಣ ಎನ್ನಬೇಡಿ, ಈಗಲೇ ಕರೆ ಮಾಡಿ.

ಬಿಟ್ಟು ಬಂದು ಆರು ತಿಂಗಳಾಯಿತು. ಇನ್ನೂ ನೆನಪಾಗುತ್ತಾರೆ. ನಾಚಿಕೆಯಾಗುತ್ತದೆ.

ನಾಚಿಕೆಪಡಬೇಡಿ. ಚಟ ಬಿಟ್ಟವರ ಮೈ ನಡುಗುವ ಹಾಗೆ ಹಚ್ಚಿಕೊಂಡ ಮನಸ್ಸೂ ನಡುಗುತ್ತದೆ. ನೆನಪಾಗುವುದು ಬಹುಪಾಲು ಆ ಪೇಡೆಯ ದಿನಗಳೇ, ಹನ್ನೊಂದು ದಿನಗಳ ಮೌನ ನೆನಪಾಗುವುದಿಲ್ಲ. ಆಗ ನೋಟುಪುಸ್ತಕ ತೆಗೆದು ಓದಿ. ಅವರ ಸ್ಟೇಟಸ್ ನೋಡಲು ಕೈ ಹೋದಾಗ ಹದಿನೈದು ನಿಮಿಷ ಮುಂದೂಡಿ, ಅಷ್ಟರಲ್ಲಿ ಯಾರಿಗಾದರೂ ಕರೆ ಮಾಡಿ. ಒಮ್ಮೆ ನೋಡಿಬಿಟ್ಟಿರಿ ಎಂದಾದರೂ ಎಲ್ಲ ಮುಗಿಯಿತು ಎಂದುಕೊಳ್ಳಬೇಡಿ. ಒಂದೇ ಸಲಕ್ಕೆ ಬಿಟ್ಟು ಬಂದವರು ಕಡಿಮೆ. ಹೋಗಿ, ಮರಳಿ, ಮತ್ತೆ ಹೋಗಿ ಬಿಟ್ಟವರೇ ಹೆಚ್ಚು.

ಮಕ್ಕಳಿದ್ದರೆ ಪೂರ್ತಿ ಸಂಪರ್ಕ ಕಡಿಯಲು ಆಗುವುದಿಲ್ಲ. ಶುಲ್ಕ, ಆಸ್ಪತ್ರೆ, ಭೇಟಿಯ ಸಮಯ, ಇಷ್ಟನ್ನೇ ಬರಹದಲ್ಲಿ ಕೇಳಿ, ಬರಹದಲ್ಲಿ ಉತ್ತರಿಸಿ. ಮಕ್ಕಳ ಎದುರು ಅಪ್ಪನನ್ನೋ ಅವ್ವನನ್ನೋ ಹಳಿಯಬೇಡಿ. ಅವರು ಕಂಡದ್ದನ್ನು ಅಲ್ಲಗಳೆಯಲೂ ಬೇಡಿ. 'ಅಪ್ಪ ನಿನ್ನೆ ಬಹಳ ಕೂಗಿದರು, ನಿನಗೆ ಹೆದರಿಕೆ ಆಯಿತು ಅಲ್ಲವೇ' ಎಂದರೆ ಮಗುವಿಗೆ ತನ್ನ ಕಣ್ಣು ಕಿವಿಯ ಮೇಲೆ ನಂಬಿಕೆ ಉಳಿಯುತ್ತದೆ.

ನಾನೇ ಸ್ವಮೋಹಿ ಇರಬಹುದೇ?

ಈ ಪ್ರಶ್ನೆ ಕೇಳಿಕೊಂಡು ರಾತ್ರಿಯೆಲ್ಲ ಎಚ್ಚರವಿದ್ದವರನ್ನು ಬಹಳ ನೋಡಿದ್ದೇನೆ. ಎದುರಿನವರ ನೋವಿನ ಬಗ್ಗೆ ಅಷ್ಟು ತಳಮಳ ಇರುವುದು ಒಳ್ಳೆಯ ಲಕ್ಷಣ. ನೊಂದ ನೀವೂ ಒಮ್ಮೊಮ್ಮೆ ಕೂಗಿರಬಹುದು, ಚುಚ್ಚಿರಬಹುದು. ಅದಕ್ಕೆ ಕ್ಷಮೆ ಕೇಳಿ. ಅವರು ಮಾಡಿದ್ದಕ್ಕೆ ಕ್ಷಮೆ ಕೇಳಬೇಡಿ.

ನನ್ನ ಗೆಳತಿ ಇಂಥ ಮನೆಯಲ್ಲಿದ್ದಾಳೆ. ನಾನು ಏನು ಮಾಡಲಿ?

'ಬಿಟ್ಟು ಬಾ' ಎಂದು ಒತ್ತಾಯ ಮಾಡಬೇಡಿ. ಈಗಾಗಲೇ ಒಬ್ಬರು ಅವಳ ಪರವಾಗಿ ಎಲ್ಲ ತೀರ್ಮಾನ ಮಾಡುತ್ತಿದ್ದಾರೆ, ನೀವು ಎರಡನೆಯವರಾಗಬೇಡಿ. 'ಎಷ್ಟು ಸಲ ಹೇಳಿದೆ, ಕೇಳಲಿಲ್ಲ' ಎಂದು ಮುನಿಸಿಕೊಂಡು ದೂರವಾಗಲೂ ಬೇಡಿ. ಅವಳು ಒಂಟಿಯಾಗುವುದೇ ಆ ಮನೆಗೆ ಬೇಕಾಗಿರುವುದು.

ಕರೆ ಎತ್ತದಿದ್ದರೂ ವಾರಕ್ಕೊಮ್ಮೆ ಕರೆ ಮಾಡಿ. ಅವಳು ಅದೇ ಕಥೆಯನ್ನು ಐವತ್ತನೆಯ ಸಲ ಹೇಳಿದರೂ ಕೇಳಿ, ಆಮೇಲೆ 'ನಿನಗೆ ಏನು ಅನ್ನಿಸಿತು' ಎಂದು ಕೇಳಿ. ಭಾನುವಾರ ಊಟಕ್ಕೆ ಕರೆಯಿರಿ. ಬಂದರೆ ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ಕೂರಿಸಿಕೊಂಡು, ಪಲ್ಯಕ್ಕೆ ಬದನೆಕಾಯಿ ಬೇಕೋ ಹೀರೇಕಾಯಿ ಬೇಕೋ ಎಂದು ಅವಳನ್ನೇ ಕೇಳಿ. ಅವಳು 'ಯಾವುದಾದರೂ ಸರಿ' ಎಂದರೆ, ಅವಸರ ಮಾಡದೆ, ಇನ್ನೊಮ್ಮೆ ಕೇಳಿ.